ಹಳೆಯ ಕಾರಿನಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ದೀಪ ಹೊತ್ತಿದರೆ: ಬಿಚ್ಚಿಸುವ ಮೊದಲು ನೋಡಬೇಕಾದ್ದು

ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸಿನ ಎಚ್ಚರಿಕೆ ದೀಪ ಕಾಣಿಸಿಕೊಂಡ ಕೂಡಲೇ ಹೆಚ್ಚಿನವರು ಗೇರ್‌ಬಾಕ್ಸ್ ಇಳಿಸುವ ಖರ್ಚಿನ ಲೆಕ್ಕ ಹಾಕತೊಡಗುತ್ತಾರೆ. ಅಷ್ಟು ಅವಸರ ಬೇಡ. ದೀಪ ಹೊತ್ತಿಸುವುದು ಗೇರ್‌ಬಾಕ್ಸ್ ಅಲ್ಲ, ಅದನ್ನು ನಿಯಂತ್ರಿಸುವ ಕಂಪ್ಯೂಟರ್. ಆ ಕಂಪ್ಯೂಟರಿಗೆ ಕಾಣುವುದು ಕೆಲವು ತಂತಿಗಳಲ್ಲಿ ಬರುವ ವೋಲ್ಟೇಜ್, ಕೆಲವು ಸೆನ್ಸರ್‌ಗಳು ಹೇಳುವ ವೇಗ ಮತ್ತು ಬಿಸಿ, ಇಷ್ಟೇ. ಒಳಗಿನ ಕ್ಲಚ್ ಪ್ಲೇಟು ಎಷ್ಟು ಸವೆದಿದೆ ಎಂಬುದು ಅದಕ್ಕೆ ನೇರವಾಗಿ ಗೊತ್ತಾಗುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಓಡಿದ ಕಾರಿನಲ್ಲಿ ತುಕ್ಕು ಹಿಡಿದ ಕನೆಕ್ಟರ್, ಸೋತ ಬ್ಯಾಟರಿ, ಕಡಿಮೆಯಾದ ಆಯಿಲ್ ಇವೂ ಅದೇ ದೀಪವನ್ನು ಹೊತ್ತಿಸಬಲ್ಲವು. ಆದ್ದರಿಂದ ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಗೆ ಹೋಗುವುದೇ ಸರಿಯಾದ ಕ್ರಮ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಸಾಂಪ್ರದಾಯಿಕ ಆಟೊಮ್ಯಾಟಿಕ್‌ಗೆ ಅನ್ವಯಿಸುತ್ತದೆ. ಬೆಲ್ಟಿನ ಸಿವಿಟಿಗೂ (ಬಿಡಿ ಗೇರುಗಳ ಬದಲು ಬೆಲ್ಟಿನಿಂದ ಕೆಲಸ ಮಾಡುವ ಆಟೊಮ್ಯಾಟಿಕ್) ಬಹುಪಾಲು ಹೊಂದುತ್ತದೆ, ಆದರೆ ಅದರ ಆಯಿಲ್ ಬೇರೆ, ಒಳಗಿನ ಸವೆತದ ಲಕ್ಷಣಗಳೂ ಬೇರೆ.

ಮೊದಲು ಅದು ಯಾವ ದೀಪ ಎಂದು ಖಚಿತಪಡಿಸಿಕೊಳ್ಳಿ

ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿಗೆಂದೇ ಪ್ರತ್ಯೇಕ ಎಚ್ಚರಿಕೆ ದೀಪ ಇರುವುದು ಕಡಿಮೆ. ತಯಾರಕರು ಬೇರೆ ಕೆಲಸದ ದೀಪವೊಂದನ್ನೇ ಮಿನುಗಿಸಿ ದೋಷವನ್ನು ಸೂಚಿಸುತ್ತಿದ್ದರು. ಟೊಯೋಟಾ ಮತ್ತು ಫೋರ್ಡ್‌ನ ಅನೇಕ ಮಾದರಿಗಳಲ್ಲಿ ‘ಓವರ್‌ಡ್ರೈವ್ ಆಫ್’ ದೀಪ (ಓವರ್‌ಡ್ರೈವ್ ಎಂದರೆ ಎಲ್ಲಕ್ಕಿಂತ ಮೇಲಿನ ಗೇರ್), ಹೋಂಡಾದಲ್ಲಿ ‘ಡಿ’ ಅಥವಾ ‘ಡಿ4’ ಅಕ್ಷರ, ಮಾಜ್ದಾದಲ್ಲಿ ‘ಹೋಲ್ಡ್’ ದೀಪ ಈ ಕೆಲಸ ಮಾಡುತ್ತವೆ. ಸುಬಾರುವಿನಲ್ಲಿ ಗೇರ್‌ಬಾಕ್ಸ್ ಆಯಿಲಿನ ಬಿಸಿ ತೋರಿಸುವ ದೀಪಕ್ಕೆ ಎರಡು ಅರ್ಥಗಳಿವೆ: ಎಂಜಿನ್ ಚಾಲೂ ಆದ ಮೇಲೆ ಮಿನುಗಿದರೆ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷ, ಓಡುವಾಗ ಸ್ಥಿರವಾಗಿ ಹೊತ್ತಿದರೆ ಆಯಿಲ್ ಕಾದಿದೆ. ನಿಸಾನ್‌ನ ಹಲವು ಹಳೆಯ ಮಾದರಿಗಳಲ್ಲಿ ಇಗ್ನಿಷನ್ ಹಾಕಿದಾಗ ಸುಮಾರು 2 ಸೆಕೆಂಡ್ ದೀಪ ಹೊತ್ತುವುದು ಸಹಜ. ಅದರ ನಂತರ ಸುಮಾರು 8 ಸೆಕೆಂಡ್ ಮಿನುಗಿದರೆ ದೋಷವೊಂದು ದಾಖಲಾಗಿದೆ ಎಂದು ತಿಳಿಯಬೇಕು.

ಹೀಗಾಗಿ ಮಿನುಗುವುದಕ್ಕೂ ಸ್ಥಿರವಾಗಿ ಹೊತ್ತುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ‘ಓವರ್‌ಡ್ರೈವ್ ಆಫ್’ ಸ್ಥಿರವಾಗಿ ಹೊತ್ತಿದ್ದರೆ ಗೇರ್ ಲಿವರಿನ ಪಕ್ಕದ ಗುಂಡಿಯನ್ನು ಯಾರೋ ಒತ್ತಿದ್ದಾರೆ ಅಷ್ಟೇ. ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಇದನ್ನು ನೋಡದೆ ವರ್ಕ್‌ಶಾಪಿಗೆ ಹೋಗುವವರಿದ್ದಾರೆ. ‘ಸ್ನೋ’, ‘ಪವರ್’, ‘ಹೋಲ್ಡ್’ ಗುಂಡಿಗಳ ಕಥೆಯೂ ಅದೇ.

ಎಂಜಿನ್ ಚಿತ್ರದ ದೀಪ ಹೊತ್ತಿದ್ದರೂ ಮೂಲ ಗೇರ್‌ಬಾಕ್ಸಿನದೇ ಆಗಿರಬಹುದು. ಆ ದೀಪ ಮಿನುಗಿದರೆ ಮಾತ್ರ ವಿಷಯ ಬೇರೆ: ಎಂಜಿನ್ ಮಿಸ್‌ಫೈರ್ ಆಗುತ್ತಿದೆ (ಒಳಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ), ಸುಡದ ಇಂಧನ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುವಷ್ಟಿದೆ ಎಂದರ್ಥ. ಅಂತಹ ಸಂದರ್ಭದಲ್ಲಿ ಮೊದಲು ಎಂಜಿನ್ನಿನ ಕಡೆ ನೋಡಬೇಕು.

ಓಡಿಸಬಹುದೇ, ನಿಲ್ಲಿಸಬೇಕೇ?

ಆಯಿಲ್ ಬಿಸಿಯ ದೀಪ ಹೊತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಲಿವರನ್ನು ‘ಪಿ’ಗೆ ಹಾಕಿ, ಎಂಜಿನನ್ನು ಐಡಲ್‌ನಲ್ಲಿ ಓಡಲು ಬಿಡಿ. ಎಂಜಿನ್ ಓಡುತ್ತಿದ್ದರೆ ಆಯಿಲ್ ಕೂಲರ್ ಮೂಲಕ ಹರಿದು ತಣ್ಣಗಾಗುತ್ತದೆ. ಕೂಡಲೇ ಆಫ್ ಮಾಡಿದರೆ ಆ ಹರಿವು ನಿಂತುಹೋಗುತ್ತದೆ. ಎಂಜಿನ್ನೇ ಅತಿಯಾಗಿ ಕಾದಿದ್ದರೆ, ಅಥವಾ ಕಾರಿನಡಿ ಆಯಿಲ್ ಸುರಿಯುತ್ತಿದ್ದರೆ ಮಾತ್ರ ಆಫ್ ಮಾಡಿ.

ಗೇರ್ ಬದಲಾಗದೆ ಕಾರು ಒಂದೇ ಗೇರಿನಲ್ಲಿ, ಸಾಮಾನ್ಯವಾಗಿ ಎರಡನೆಯದರಲ್ಲಿ ಅಥವಾ ಮೂರನೆಯದರಲ್ಲಿ, ಸಿಕ್ಕಿಕೊಂಡಂತಿದ್ದರೆ ಅದು ಲಿಂಪ್ ಮೋಡ್. ದೋಷ ಕಂಡ ಕಂಪ್ಯೂಟರ್ ಸೊಲೆನಾಯ್ಡ್‌ಗಳಿಗೆ (ಆಯಿಲಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವುಗಳಿಗೆ) ಕೊಡುವ ವಿದ್ಯುತ್ತನ್ನು ತಾನಾಗಿಯೇ ಕಡಿದಿರುತ್ತದೆ. ಆಗ ಆಯಿಲಿನ ಒತ್ತಡವೊಂದರಿಂದಲೇ ಸಿಗುವ ಗೇರ್ ಮಾತ್ರ ಉಳಿಯುತ್ತದೆ. ಒತ್ತಡ ನಿಯಂತ್ರಿಸುವ ಸೊಲೆನಾಯ್ಡಿಗೂ ವಿದ್ಯುತ್ ಇಲ್ಲದ್ದರಿಂದ ಒತ್ತಡ ಗರಿಷ್ಠಕ್ಕೇರಿ, ‘ಡಿ’ ಅಥವಾ ‘ಆರ್’ ಹಾಕಿದಾಗ ಕಾರು ಧಡ್ ಎಂದು ಎಳೆಯುತ್ತದೆ. ಆ ಹೊಡೆತ ಕೇಳಿ ‘ಗೇರ್‌ಬಾಕ್ಸ್ ಮುರಿಯಿತು’ ಎಂದುಕೊಳ್ಳಬೇಕಿಲ್ಲ. ಕ್ಲಚ್‌ಗಳು ಜಾರಿ ಸುಡದಿರಲೆಂದು ಮಾಡಿದ ಏರ್ಪಾಡು ಅದು. ಲಿಂಪ್ ಮೋಡಿನಲ್ಲಿ ಹತ್ತಿರದ ವರ್ಕ್‌ಶಾಪಿನವರೆಗೆ ನಿಧಾನವಾಗಿ ಹೋಗಬಹುದು, ಊರೂರು ಸುತ್ತಬಾರದು.

ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಬರೀ ಕೂಗುತ್ತಿದ್ದು ಕಾರು ಮುಂದೆ ಹೋಗದಿದ್ದರೆ ಇನ್ನು ಓಡಿಸಲೇಬೇಡಿ. ಟೋ ಮಾಡಿಸುವಾಗ ಎಂಜಿನ್ ಬಲ ಪಡೆಯುವ ಚಕ್ರಗಳು ನೆಲದ ಮೇಲೆ ಉರುಳದಂತೆ ಎತ್ತಿಸಬೇಕು. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಕಾರಾದರೆ ಇಡೀ ಕಾರನ್ನೇ ಲಾರಿಯ ಮೇಲೆ ಹತ್ತಿಸಬೇಕು. ಎಂಜಿನ್ ನಿಂತಿದ್ದಾಗ ಗೇರ್‌ಬಾಕ್ಸಿನ ಪಂಪ್ ಕೂಡ ನಿಂತಿರುತ್ತದೆ. ಚಕ್ರ ಉರುಳಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ.

ಬಾನೆಟ್ ಎತ್ತುವ ಮೊದಲು ಬರೆದಿಟ್ಟುಕೊಳ್ಳಿ

ದೀಪ ತಣ್ಣನೆಯ ಎಂಜಿನ್ನಿನಲ್ಲಿ ಬಂತೋ, ಅರ್ಧ ಗಂಟೆ ಓಡಿದ ಮೇಲೆ ಬಂತೋ? ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ? ಮಳೆ ಬಂದ ಮೇಲೆ ಅಥವಾ ಕಾರು ತೊಳೆದ ಮೇಲೆಯೇ? ಆ ಹೊತ್ತಿಗೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತೇ? ಎಬಿಎಸ್ ದೀಪವೂ ಜೊತೆಗೆ ಹೊತ್ತಿತೇ? ಇಗ್ನಿಷನ್ ಆಫ್ ಮಾಡಿ ಮತ್ತೆ ಹಾಕಿದಾಗ ಸರಿಹೋಯಿತೇ?

ಇವು ಕಾಲಹರಣದ ಪ್ರಶ್ನೆಗಳಲ್ಲ. ಮುಳ್ಳು ಬಿದ್ದು ಗೇರ್ ತಪ್ಪಿದರೆ ವೇಗದ ಸೆನ್ಸರಿನ ಮೇಲೆ ಮೊದಲ ಸಂಶಯ. ಮಳೆಯ ನಂಟಿದ್ದರೆ ಕನೆಕ್ಟರಿನ ಮೇಲೆ. ಬಿಸಿಯಾದ ಮೇಲೆ ಮಾತ್ರ ಬಂದು, ತಣ್ಣಗಾದ ಮೇಲೆ ಹೋದರೆ ಸೊಲೆನಾಯ್ಡಿನ ಸುರುಳಿ ಅಥವಾ ಸವೆದ ಸೀಲ್. ಮೆಕ್ಯಾನಿಕ್‌ಗೆ ‘ಏನೋ ಸರಿಯಿಲ್ಲ’ ಎನ್ನುವುದಕ್ಕಿಂತ ಈ ಚೀಟಿ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಬ್ಯಾಟರಿ, ಫ್ಯೂಸ್, ಅರ್ತ್

ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ. ರಾತ್ರಿಯಿಡೀ ನಿಂತ ಕಾರಿನಲ್ಲಿ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5. ಸ್ಟಾರ್ಟ್ ಮಾಡುವಾಗ 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಅಥವಾ ಅದರ ತಂತಿಗಳ ಮೇಲೆ ಕಣ್ಣಿಡಿ. ವೋಲ್ಟೇಜ್ ಸಾಲದಾದಾಗ ಕಂಪ್ಯೂಟರ್ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ದೋಷಗಳನ್ನು ಒಟ್ಟಿಗೆ ದಾಖಲಿಸುವುದುಂಟು. ಅಂತಹ ಕೋಡುಗಳ (ಪ್ರತಿ ದೋಷಕ್ಕೆ ಕಂಪ್ಯೂಟರ್ ದಾಖಲಿಸುವ ಸಂಖ್ಯೆಗಳ) ಗುಂಪಿನಲ್ಲಿ ಪಿ0562, ಅಂದರೆ ಕಡಿಮೆ ವೋಲ್ಟೇಜಿನ ಕೋಡೂ ಇದ್ದರೆ ಉಳಿದವನ್ನು ನಂಬುವ ಮೊದಲು ಬ್ಯಾಟರಿ ಸರಿಪಡಿಸಿ.

ಗೇರ್‌ಬಾಕ್ಸ್ ಕಂಪ್ಯೂಟರಿನ ಫ್ಯೂಸನ್ನು ಕಣ್ಣಿನಿಂದಷ್ಟೇ ನೋಡಬೇಡಿ, ಮೀಟರ್ ಹಚ್ಚಿ ನೋಡಿ. ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ, ಎಂಜಿನ್ನಿನಿಂದ ಅದೇ ಮೈಗೆ ಹೋಗುವ ಅರ್ತ್ ತಂತಿಗಳ ತುದಿಯನ್ನು, ಮುಂದೆ ಹೇಳುವಂತೆ ಕೋಡುಗಳನ್ನು ಓದಿ ಬರೆದುಕೊಂಡ ಮೇಲೆ, ಬಿಚ್ಚಿ, ಉಜ್ಜಿ, ಬಿಗಿಯಾಗಿ ಹಾಕಿ. ಹಾಗೆಯೇ ಬ್ರೇಕ್ ಒತ್ತಿದಾಗ ಹಿಂದಿನ ದೀಪ ಹೊತ್ತುತ್ತದೆಯೇ ನೋಡಿ. ಟಾರ್ಕ್ ಕನ್ವರ್ಟರಿನ ಲಾಕ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆಯುವ ಕ್ಲಚ್) ಬಿಡಿಸಬೇಕೆಂದು ಕಂಪ್ಯೂಟರಿಗೆ ತಿಳಿಯುವುದು ಬ್ರೇಕ್ ಪೆಡಲಿನ ಸ್ವಿಚ್ಚಿನಿಂದ.

ಆಯಿಲ್: ಮಟ್ಟ, ಬಣ್ಣ, ವಾಸನೆ

ಇಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಆಟೊಮ್ಯಾಟಿಕ್‌ನಲ್ಲಿ ಆಯಿಲ್ ಇರುವುದು ಭಾಗಗಳ ನಡುವಿನ ಉಜ್ಜಾಟ ತಗ್ಗಿಸುವುದಕ್ಕೆ ಮಾತ್ರವಲ್ಲ, ಕ್ಲಚ್ ಹಿಡಿಯುವ ಒತ್ತಡವೂ ಅದರದೇ. ಮಟ್ಟ ಕಡಿಮೆಯಾದರೆ ಪಂಪ್ ಗಾಳಿ ಎಳೆದುಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ಗೇರ್ ಜಾರುತ್ತದೆ, ದೀಪ ಹೊತ್ತುತ್ತದೆ. ಮಟ್ಟ ಹೆಚ್ಚಾದರೂ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡಿ ಅದೇ ತೊಂದರೆ ತರುತ್ತವೆ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ಕಾರಿನಲ್ಲಿ ಸಾಮಾನ್ಯ ವಿಧಾನ ಹೀಗೆ: ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ರೇಕ್ ತುಳಿದುಕೊಂಡೇ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಸರಿಸಿ ‘ಪಿ’ಗೆ ತನ್ನಿ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ತೆಗೆದು, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ತೆಗೆದು ‘ಬಿಸಿ’ ಗುರುತಿನ ಬಳಿ ನೋಡಿ. ಎಲ್ಲ ಕಾರಿಗೂ ಇದೇ ನಿಯಮವಲ್ಲ. ಹೋಂಡಾದ ಹೆಚ್ಚಿನ ಹಳೆಯ ಮಾದರಿಗಳಲ್ಲಿ ಎಂಜಿನ್ ಆಫ್ ಮಾಡಿದ ಒಂದೆರಡು ನಿಮಿಷದೊಳಗೆ ನೋಡಬೇಕು, ಇನ್ನು ಕೆಲವು ಕಾರುಗಳಲ್ಲಿ ಲಿವರ್ ‘ಎನ್’ನಲ್ಲಿರಬೇಕು. ನಿಮ್ಮ ಕಾರಿನ ಕೈಪಿಡಿಯ ಮಾತೇ ಅಂತಿಮ.

ಡಿಪ್‌ಸ್ಟಿಕ್ ಇಲ್ಲದ ‘ಸೀಲ್ಡ್’ ಗೇರ್‌ಬಾಕ್ಸಿನಲ್ಲಿ ಕಾರನ್ನು ಮಟ್ಟವಾಗಿ ಎತ್ತಿ, ನಿಗದಿತ ಬಿಸಿಯಲ್ಲಿ (ಅನೇಕ ಮಾದರಿಗಳಲ್ಲಿ 35ರಿಂದ 45 ಡಿಗ್ರಿ ಸೆಲ್ಸಿಯಸ್ ಆಸುಪಾಸು) ಪಕ್ಕದ ಅಥವಾ ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕಾಗುತ್ತದೆ. ಇದನ್ನು ಲಿಫ್ಟ್ ಇರುವಲ್ಲಿ ಮಾಡಿಸುವುದೇ ಕ್ಷೇಮ. ಬರೀ ಜಾಕ್ ಮೇಲೆ ನಿಂತ, ಎಂಜಿನ್ ಓಡುತ್ತಿರುವ ಕಾರಿನ ಕೆಳಗೆ ತಲೆ ಹಾಕಬೇಡಿ. ‘ಜೀವಮಾನವಿಡೀ ಬದಲಿಸಬೇಕಿಲ್ಲ’ ಎಂದು ತಯಾರಕರು ಬರೆದಿದ್ದರೆ, ಯಾರ ಜೀವಮಾನ ಎಂದು ಅವರು ಹೇಳಿಲ್ಲ ಎಂಬುದನ್ನು ನೆನಪಿಡಿ.

ಇನ್ನು ಬಣ್ಣ. ಹೊಸ ಆಯಿಲ್ ಹೆಚ್ಚಾಗಿ ಕೆಂಪು. ವಯಸ್ಸಾದಂತೆ ಕಂದು ಛಾಯೆ ಬರುವುದು ಸಹಜ. ಬಣ್ಣವೊಂದರಿಂದಲೇ ತೀರ್ಮಾನ ಬೇಡ. ಕಪ್ಪಗಾಗಿ ಸುಟ್ಟ ವಾಸನೆ ಹೊಡೆದರೆ ಕ್ಲಚ್ ಪ್ಲೇಟು ಸುಟ್ಟಿರುವ ಸಾಧ್ಯತೆ ಬಲವಾಗಿದೆ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ: ಕೂಲಂಟ್ ಬೆರೆತಿದೆ. ಆಯಿಲ್ ಕೂಲರ್ ರೇಡಿಯೇಟರಿನ ಒಳಗೇ ಇರುವ ಕಾರುಗಳಲ್ಲಿ ಮಧ್ಯದ ಗೋಡೆ ತೂತಾದರೆ ಹೀಗಾಗುತ್ತದೆ. ನೀರಿನ ಅಂಶ ಕ್ಲಚ್ ಪ್ಲೇಟಿನ ಪದರವನ್ನೇ ಕೀಳಿಸುತ್ತದೆ. ಒಂದು ದಿನದ ಓಡಾಟವೂ ದುಬಾರಿಯಾದೀತು.

ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕಿ. ಡೆಕ್ಸ್‌ರಾನ್ ದರ್ಜೆ ಬೇಕಾದಲ್ಲಿ ಬೇರೊಂದನ್ನು, ಸಿವಿಟಿಗೆ ಸಾಮಾನ್ಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದರೆ ಇಲ್ಲದ ರೋಗ ಬರುತ್ತದೆ. ಮತ್ತೊಂದು ಮಾತು: ಈ ಆಯಿಲ್ ಸುಟ್ಟು ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಆಕ್ಸಲ್ ಸೀಲ್, ಪ್ಯಾನ್ (ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ) ಗ್ಯಾಸ್ಕೆಟ್, ಕೂಲರ್ ಪೈಪುಗಳನ್ನು ನೋಡಿ.

ಕೋಡ್ ಓದುವುದು

ಅಮೆರಿಕದಲ್ಲಿ 1996ರ ಮಾದರಿಯಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾದ 16 ಪಿನ್ನಿನ ಸಾಕೆಟ್ ನಿಮ್ಮ ಕಾರಿನಲ್ಲಿದ್ದರೆ ಸ್ಟೀರಿಂಗಿನ ಕೆಳಗೆ ಸಿಗುತ್ತದೆ. ಅದಕ್ಕಿಂತ ಹಳೆಯದಾದರೆ ಸಾಕೆಟ್ಟಿನ ನಿರ್ದಿಷ್ಟ ಎರಡು ಪಿನ್‌ಗಳನ್ನು ತಂತಿಯಿಂದ ಜೋಡಿಸಿ, ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಬೇಕು. ಟೊಯೋಟಾದಲ್ಲಿ ಆ ಪಿನ್‌ಗಳ ಹೆಸರು ಟಿಇ1 ಮತ್ತು ಇ1. ಪಿನ್ ತಪ್ಪಿದರೆ ಕಂಪ್ಯೂಟರೇ ಸುಡಬಹುದಾದ್ದರಿಂದ ನಿಮ್ಮದೇ ಮಾದರಿಯ ವರ್ಕ್‌ಶಾಪ್ ಕೈಪಿಡಿ ಎದುರಿಗಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಅಗ್ಗದ ಸ್ಕ್ಯಾನರುಗಳು ಎಂಜಿನ್ ಕಂಪ್ಯೂಟರನ್ನು ಮಾತ್ರ ಮಾತನಾಡಿಸುತ್ತವೆ. ಅವು ಹೆಚ್ಚಾಗಿ ಪಿ0700 ಎಂಬ ಕೋಡನ್ನು ತೋರಿಸಿ ಸುಮ್ಮನಾಗುತ್ತವೆ. ಪಿ0700 ಎಂಬುದು ಬಾಗಿಲ ಗಂಟೆ ಇದ್ದ ಹಾಗೆ. ಯಾರೋ ಬಂದಿದ್ದಾರೆ ಎನ್ನುತ್ತದೆ, ಯಾರೆಂದು ಹೇಳುವುದಿಲ್ಲ. ಅದನ್ನೇ ತೋರಿಸಿ ‘ಗೇರ್‌ಬಾಕ್ಸ್ ಹೋಗಿದೆ’ ಎನ್ನುವವರನ್ನು ನಂಬಬೇಡಿ. ಗೇರ್‌ಬಾಕ್ಸ್ ಕಂಪ್ಯೂಟರನ್ನೇ ಓದಬಲ್ಲ ಸ್ಕ್ಯಾನರ್ ಬೇಕು.

ಕೋಡ್ ಸಿಕ್ಕ ಮೇಲೆ ಅಳಿಸುವ ಆತುರ ಬೇಡ. ಎಲ್ಲವನ್ನೂ ಬರೆದುಕೊಳ್ಳಿ, ಜೊತೆಗೆ ‘ಫ್ರೀಜ್ ಫ್ರೇಮ್’ ಮಾಹಿತಿಯನ್ನೂ ಉಳಿಸಿ. ದೋಷ ಕಂಡ ಕ್ಷಣದ ವೇಗ, ಬಿಸಿ, ಎಂಜಿನ್ ಸುತ್ತು ಅದರಲ್ಲಿರುತ್ತವೆ. ಬ್ಯಾಟರಿ ತಂತಿ ಬಿಚ್ಚಿದರೆ ಅನೇಕ ಕಾರುಗಳಲ್ಲಿ ಇದೆಲ್ಲ ಅಳಿಸಿಹೋಗುತ್ತದೆ.

ನನ್ನ ಪ್ರಕಾರ ಮುಂದಿನದೇ ಇಡೀ ಪತ್ತೆಯ ತಿರುಳು. ಕೋಡುಗಳನ್ನು ಎರಡು ರಾಶಿ ಮಾಡಿ. ವಿದ್ಯುತ್ ಸರ್ಕ್ಯೂಟಿನ ದೂರು ಒಂದು, ಕೆಲಸದ ಫಲಿತಾಂಶದ ದೂರು ಇನ್ನೊಂದು. ಪಿ0753, ಪಿ0758, ಪಿ0763 ಇವು ಗೇರ್ ಬದಲಿಸುವ ಸೊಲೆನಾಯ್ಡ್‌ಗಳ ವಿದ್ಯುತ್ ದೋಷಗಳು. ತಂತಿ ಕಡಿದಿರಬಹುದು, ಕನೆಕ್ಟರ್ ಕೆಟ್ಟಿರಬಹುದು, ಸುರುಳಿ ಸುಟ್ಟಿರಬಹುದು. ಪಿ0705 ಲಿವರಿನ ಸ್ಥಾನ ತಿಳಿಸುವ ಸ್ವಿಚ್ಚಿನದು, ಪಿ0710 ಆಯಿಲಿನ ಬಿಸಿಯ ಸೆನ್ಸರಿನದು, ಪಿ0715 ಒಳಬರುವ ಶಾಫ್ಟಿನ ವೇಗದ್ದು, ಪಿ0720 ಹೊರಹೋಗುವ ಶಾಫ್ಟಿನ ವೇಗದ್ದು. ಯು0101 ಎಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನ ಸಂಪರ್ಕವೇ ತಪ್ಪಿದೆ. ಇವುಗಳ ಪರಿಹಾರ ಹೆಚ್ಚಾಗಿ ಗೇರ್‌ಬಾಕ್ಸ್ ಕೆಳಗಿಳಿಸದೆಯೇ ಸಿಗುತ್ತದೆ.

ಪಿ0730ರಿಂದ ಪಿ0735ರವರೆಗಿನವು ಇನ್ನೊಂದು ರಾಶಿಗೆ ಸೇರಿದವು. ಹಾಕಿದ ಗೇರಿನ ಅನುಪಾತಕ್ಕೂ ಶಾಫ್ಟುಗಳ ವೇಗಕ್ಕೂ ತಾಳೆಯಾಗುತ್ತಿಲ್ಲ, ಅಂದರೆ ಜಾರುತ್ತಿದೆ ಅಥವಾ ಬೇರೆ ಗೇರ್ ಬಿದ್ದಿದೆ. ಪಿ0741 ಟಾರ್ಕ್ ಕನ್ವರ್ಟರಿನ ಲಾಕ್ ಹಿಡಿಯುತ್ತಿಲ್ಲ ಎನ್ನುತ್ತದೆ. ಇವು ಗಂಭೀರ. ಆದರೂ ಆಯಿಲ್ ಕಡಿಮೆಯಿದ್ದರೂ, ವೇಗದ ಸೆನ್ಸರ್ ಸುಳ್ಳು ಹೇಳಿದರೂ ಇದೇ ಕೋಡುಗಳು ಬರುತ್ತವೆ. ಎರಡೂ ರಾಶಿಯ ಕೋಡುಗಳು ಒಟ್ಟಿಗಿದ್ದರೆ ಮೊದಲು ವಿದ್ಯುತ್ತಿನದನ್ನು ಸರಿಪಡಿಸಿ. ಇನ್ನೊಂದು ತಾನಾಗಿಯೇ ಹೋದರೂ ಹೋಗಬಹುದು.

ತಂತಿ ಮತ್ತು ಸೆನ್ಸರ್ ಪರೀಕ್ಷೆ

ಇಗ್ನಿಷನ್ ಆಫ್ ಮಾಡಿ ಗೇರ್‌ಬಾಕ್ಸಿನ ದೊಡ್ಡ ಕನೆಕ್ಟರನ್ನು ಬಿಚ್ಚಿ. ಹಸಿರು ತುಕ್ಕು, ಬಾಗಿದ ಪಿನ್, ಒಳಗೆ ಸೋರಿ ಬಂದ ಆಯಿಲ್, ಇಲಿ ಕಡಿದ ತಂತಿ ಕಾಣುತ್ತವೆಯೇ? ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ಕ್ಲಿಕ್ ಎನ್ನುವವರೆಗೆ ಒತ್ತಿ. ತಂತಿಗಳು ಎಂಜಿನ್ನಿಗೋ ಸೈಲೆನ್ಸರ್ ಪೈಪಿಗೋ ಉಜ್ಜುವ ಜಾಗವನ್ನು ಬೆರಳಾಡಿಸಿ ನೋಡಿ. ಬಿಟ್ಟು ಬಿಟ್ಟು ಬರುವ ದೋಷವಾದರೆ ಸ್ಕ್ಯಾನರಿನಲ್ಲಿ ಅಂಕಿಗಳನ್ನು ನೋಡುತ್ತಾ ತಂತಿಯ ಕಟ್ಟನ್ನು ಅಲುಗಾಡಿಸಿ. ಅಂಕಿ ಕುಣಿದರೆ ಜಾಗ ಸಿಕ್ಕಿತು.

ಸೊಲೆನಾಯ್ಡ್‌ಗಳನ್ನು ಕನೆಕ್ಟರಿನ ಪಿನ್‌ಗಳಲ್ಲೇ ಓಮ್ ಮೀಟರಿನಿಂದ ಅಳೆಯಬಹುದು. ಆನ್-ಆಫ್ ಬಗೆಯವು ಸಾಮಾನ್ಯವಾಗಿ 10ರಿಂದ 30 ಓಮ್, ಒತ್ತಡ ನಿಯಂತ್ರಿಸುವವು ಅದಕ್ಕಿಂತ ಬಹಳ ಕಡಿಮೆ, ಒಂದಂಕಿಯಲ್ಲಿ ಇರುತ್ತವೆ. ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. ಅದಿಲ್ಲದಿದ್ದರೆ ಒಂದೇ ಬಗೆಯವನ್ನು ಹೋಲಿಸಿ, ಗುಂಪಿಗೆ ಸೇರದ್ದನ್ನು ಹಿಡಿಯಿರಿ. ಬಿಸಿಯಾದಾಗ ಮಾತ್ರ ಕೈಕೊಡುವ ದೋಷವನ್ನು ಬಿಸಿಯಿರುವಾಗಲೇ ಅಳೆಯಬೇಕು.

ಎರಡು ತಂತಿಯ ವೇಗ ಸೆನ್ಸರಿಗೂ ನಿರ್ದಿಷ್ಟ ಓಮ್ ಇರುತ್ತದೆ, ಚಕ್ರ ತಿರುಗಿದಾಗ ಅದು ತಾನೇ ಸಣ್ಣ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಮೂರು ತಂತಿಯದಾದರೆ ಓಮ್ ಅಳೆದು ಪ್ರಯೋಜನವಿಲ್ಲ; ಅದಕ್ಕೆ ವೋಲ್ಟೇಜ್ ಮತ್ತು ಅರ್ತ್ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಬೇಕು. ಸೆನ್ಸರನ್ನು ಹೊರಗೆ ತೆಗೆದರೆ ಅದರ ಮೂತಿಯನ್ನೂ ಒರೆಸಿ. ಕಬ್ಬಿಣದ ಪುಡಿ ಅಂಟಿಕೊಂಡು ಸಂಕೇತ ಕೆಡುವುದು ಅಪರೂಪವಲ್ಲ.

‘ಪಿ’ಯಲ್ಲಿ ಕೆಲವೊಮ್ಮೆ ಸ್ಟಾರ್ಟ್ ಆಗುವುದಿಲ್ಲ, ಲಿವರನ್ನು ‘ಎನ್’ಗೆ ಸರಿಸಿದರೆ ಆಗುತ್ತದೆ, ಡ್ಯಾಶ್‌ಬೋರ್ಡಿನ ಗೇರ್ ಅಕ್ಷರ ಒಮ್ಮೊಮ್ಮೆ ಮಾಯವಾಗುತ್ತದೆ ಎಂದಾದರೆ ಲಿವರ್ ಸ್ಥಾನದ ಸ್ವಿಚ್ ಸವೆದಿದೆ ಅಥವಾ ಜಾಗ ಬಿಟ್ಟು ಸರಿದಿದೆ. ಹಳೆಯ ಕಾರುಗಳಲ್ಲಿ ಇದು ತೀರಾ ಸಾಮಾನ್ಯ, ಸುಲಭದ ರಿಪೇರಿಯೂ ಹೌದು.

ಲೈವ್ ಡೇಟಾ ಮತ್ತು ರಸ್ತೆ ಪರೀಕ್ಷೆ

ಪಕ್ಕದಲ್ಲಿ ಇನ್ನೊಬ್ಬರು ಕೂತು ಸ್ಕ್ಯಾನರ್ ನೋಡಲಿ, ನೀವು ರಸ್ತೆ ನೋಡಿ. ನಾಲ್ಕು ಗೇರಿನ ಅನೇಕ ಪೆಟ್ಟಿಗೆಗಳಲ್ಲಿ ಮೂರನೆಯ ಗೇರ್ ನೇರ ಅನುಪಾತದ್ದು, ಅಂದರೆ ಒಳಗೆ ಬಂದಷ್ಟೇ ಸುತ್ತು ಹೊರಗೆ. ಆಗ ಎರಡು ಶಾಫ್ಟುಗಳ ವೇಗ ಒಂದೇ ಇರಬೇಕು. ವ್ಯತ್ಯಾಸ ಬೆಳೆಯುತ್ತಿದ್ದರೆ ಕ್ಲಚ್ ಜಾರುತ್ತಿದೆ. ಹಾಗೆಯೇ ಟಾರ್ಕ್ ಕನ್ವರ್ಟರ್ ಪೂರ್ತಿ ಲಾಕ್ ಆದಾಗ ಎಂಜಿನ್ ಮತ್ತು ಒಳಬರುವ ಶಾಫ್ಟಿನ ಸುತ್ತು ಹೆಚ್ಚುಕಡಿಮೆ ಸಮನಾಗಬೇಕು.

ಸಮವೇಗದಲ್ಲಿ ಹೋಗುವಾಗ ಕಾರು ನಡುಗಿದರೆ ಒಂದು ಸುಲಭ ಪರೀಕ್ಷೆಯಿದೆ. ಹಿಂದೆ ವಾಹನವಿಲ್ಲದಾಗ ಆಕ್ಸಿಲರೇಟರ್ ಹಾಗೇ ಇಟ್ಟುಕೊಂಡು ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಆ ಕ್ಷಣ ಲಾಕ್ ಬಿಡುತ್ತದೆ. ನಡುಕ ನಿಂತರೆ ಲಾಕ್ ಕ್ಲಚ್ ಅಥವಾ ಹಳೆಯ ಆಯಿಲಿನ ಕಡೆ ಬೆರಳು, ನಿಲ್ಲದಿದ್ದರೆ ಹೆಚ್ಚಾಗಿ ಎಂಜಿನ್ ಮಿಸ್‌ಫೈರ್. ಸವೆದ ಸ್ಪಾರ್ಕ್ ಪ್ಲಗ್‌ಗಳ ತಪ್ಪಿಗೆ ಗೇರ್‌ಬಾಕ್ಸ್ ಬಿಚ್ಚಿಸಿಕೊಂಡ ಕಾರುಗಳು ಕಡಿಮೆಯೇನಲ್ಲ. ಥ್ರಾಟಲ್ ಸೆನ್ಸರ್ ಕೆಟ್ಟರೂ, ಇನ್ನೂ ಹಳೆಯ ಕಾರುಗಳಲ್ಲಿ ಥ್ರಾಟಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಸಡಿಲವಾದರೂ ಗೇರ್ ತಪ್ಪು ಹೊತ್ತಿನಲ್ಲಿ ಬದಲಾಗುತ್ತದೆ.

ಬ್ರೇಕ್ ತುಳಿದು ಆಕ್ಸಿಲರೇಟರ್ ಪೂರ್ತಿ ಒತ್ತುವ ಸ್ಟಾಲ್ ಟೆಸ್ಟನ್ನು ಮನೆಯಲ್ಲಿ ಮಾಡಬೇಡಿ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ವಿಪರೀತ ಕಾಯುತ್ತದೆ, ಬ್ರೇಕ್ ಸೋತರೆ ಎದುರಿಗಿದ್ದವರ ಗತಿ ಹೇಳಬೇಕಿಲ್ಲ.

ಪ್ಯಾನ್ ಬಿಚ್ಚಿದಾಗ, ಕೋಡ್ ಅಳಿಸಿದ ಮೇಲೆ

ಹೊರಗಿನದೆಲ್ಲ ಸರಿಯಿದ್ದೂ ಜಾರುವ ಕೋಡ್ ಉಳಿದರೆ ಕೆಳಗಿನ ಪ್ಯಾನ್ ಬಿಚ್ಚಿಸಿ, ನೀವೇ ಹೋಗಿ ನೋಡಿ, ಇಲ್ಲವೇ ಫೋಟೊ ಕೇಳಿ. ಆಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಪೇಸ್ಟ್ ಇರುವುದು ಸಹಜ ಸವೆತ. ಹಿತ್ತಾಳೆಯ ಚೂರು, ಉಕ್ಕಿನ ತುಣುಕು, ಕಪ್ಪು ಕ್ಲಚ್ ಪದರದ ರಾಶಿ ಕಂಡರೆ ಒಳಗೆ ನಿಜಕ್ಕೂ ಹಾನಿಯಾಗಿದೆ. ಆಗ ಮಾತ್ರ ಓವರ್‌ಹಾಲ್ ಅಥವಾ ಬದಲಿ ಪೆಟ್ಟಿಗೆಯ ಮಾತು. ಪ್ಯಾನ್ ಬಿಚ್ಚಿದಾಗ ಫಿಲ್ಟರ್ ಬದಲಿಸಿ. ಒಂದು ಸಲ ಸುರಿದರೆ ಅರ್ಧ ಅಥವಾ ಅದಕ್ಕೂ ಕಡಿಮೆ ಆಯಿಲ್ ಮಾತ್ರ ಹೊರಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ಉಳಿಯುತ್ತದೆ ಎಂಬುದೂ ಗೊತ್ತಿರಲಿ.

ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿ, ಆದರೆ ಅದೇ ದಿನ ಬಿಲ್ ಪಾವತಿಸಿ ಮರೆಯಬೇಡಿ. ಕೆಲವು ದೋಷಗಳು ಎರಡು ಬೇರೆ ಬೇರೆ ಓಟಗಳಲ್ಲಿ ಮರುಕಳಿಸಿದ ಮೇಲಷ್ಟೇ ದೀಪ ಹೊತ್ತಿಸುತ್ತವೆ. ಅಲ್ಲಿಯವರೆಗೆ ‘ಪೆಂಡಿಂಗ್’ ಪಟ್ಟಿಯಲ್ಲಿ ಅಡಗಿರುತ್ತವೆ. ಗೇರ್ ಬದಲಿಸುವ ಬಗ್ಗೆ ಕಂಪ್ಯೂಟರ್ ಕಲಿತಿದ್ದ ಲೆಕ್ಕಗಳೂ ಅಳಿಸಿಹೋಗಿದ್ದರೆ ಮೊದಲ ಕೆಲವು ದಿನ ಗೇರ್ ಸ್ವಲ್ಪ ಒರಟಾಗಿ ಬೀಳಬಹುದು. ತಣ್ಣನೆಯ ಎಂಜಿನ್ನಿನಿಂದ ಒಮ್ಮೆ, ದೀರ್ಘ ಬಿಸಿ ಓಟದಲ್ಲಿ ಒಮ್ಮೆ, ಏರಿನಲ್ಲಿ ಒಮ್ಮೆ ಓಡಿಸಿ, ನಂತರ ಪೆಂಡಿಂಗ್ ಪಟ್ಟಿಯನ್ನು ಮತ್ತೆ ಓದಿಸಿ. ಹಳೆಯ ಕೋಡೇ ಮರಳಿದ್ದರೆ ಬದಲಿಸಿದ ಭಾಗ ಕಾರಣವಾಗಿರಲಿಲ್ಲ, ಅಥವಾ ಅದಕ್ಕೆ ಹೋಗುವ ತಂತಿಯನ್ನು ಯಾರೂ ಅಳೆದಿರಲಿಲ್ಲ. ಹೊಸ ಕೋಡ್ ಬಂದಿದ್ದರೆ ಕೆಲಸದ ವೇಳೆ ಬಿಚ್ಚಿದ ಕನೆಕ್ಟರುಗಳನ್ನು ಮೊದಲು ನೋಡಿ.